ಸ್ಕಾಟರ 1913ರ ಪುಸ್ತಕ, ಮೊದಲ ಸಂಪುಟ ಮಾತ್ರ ಸಿಕ್ಕಿದೆ. ಎಂತ ಮಾಡುದು?

ಬಿಜೈ_ಓದುಗ
ಎಲ್ಲರಿಗೂ ನಮಸ್ಕಾರ. ಬಿಜೈಯಲ್ಲಿ ನಮ್ಮ ಪಕ್ಕದ ಹಳೇ ಹಂಚಿನ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ತಾ ಇದ್ದಾರೆ. ಅಟ್ಟದ ಸಾಮಾನೆಲ್ಲ ಗುಜರಿಯವರು ತೂಕಕ್ಕೆ ತಗೊಂಡು ಹೋಗುವಾಗ ಎರಡು ವಸ್ತು ಕೇಳಿ ಉಳಿಸಿಕೊಂಡೆ.

ಒಂದು, ದಕ್ಷಿಣ ಧ್ರುವಕ್ಕೆ ಹೋದ ಬ್ರಿಟಿಷ್ ನೌಕಾಧಿಕಾರಿ ಸ್ಕಾಟರ ಕೊನೆಯ ಯಾತ್ರೆಯ ಪುಸ್ತಕ, ‘ಸ್ಕಾಟ್ಸ್ ಲಾಸ್ಟ್ ಎಕ್ಸ್‌ಪೆಡಿಷನ್’, ಸ್ಮಿತ್ ಎಲ್ಡರ್, ಲಂಡನ್, 1913, ಸಂಪುಟ 1. ಕಡು ನೀಲಿ ಬಟ್ಟೆಯ ರಟ್ಟು. ಬೆನ್ನಿನ ಬಣ್ಣ ಹೋಗಿದೆ. ಒಳಗೆ ಯಾವುದೋ ಕ್ಲಬ್ಬಿನ ನೇರಳೆ ಸೀಲು, ಅರ್ಧ ಅಳಿಸಿದೆ. ಹಾಳೆಗಳ ಮೇಲೆ ಕಂದು ಚುಕ್ಕೆ, ಕೊನೆಯ ಕೆಲವು ಹಾಳೆಯ ಅಂಚಿನಲ್ಲಿ ಹುಳ ತಿಂದ ಗುರುತು. ನಕ್ಷೆ, ಚಿತ್ರ ಎಲ್ಲ ಇದ್ದ ಹಾಗೆ ಕಾಣ್ತದೆ.

ಇನ್ನೊಂದು, ತಗಡಿನ ಬಿಸ್ಕತ್ತು ಡಬ್ಬಿಯಲ್ಲಿ ‘ದಕ್ಷಿಣ ಗಂಗೋತ್ರಿ’ (ಅಂಟಾರ್ಕ್ಟಿಕಾದಲ್ಲಿದ್ದ ಭಾರತದ ನೆಲೆ) ಮೊಹರು ಇರುವ ಕೆಲವು ಅಂಚೆ ಲಕೋಟೆ.

ಆನ್‌ಲೈನಿನಲ್ಲಿ ಹಳೇ ಪುಸ್ತಕ ಮಾರುವವರೊಬ್ಬರಿಗೆ ಫೋಟೋ ಕಳಿಸಿದೆ. “ಒಂಟಿ ಸಂಪುಟಕ್ಕೆ ಬೆಲೆ ಇಲ್ಲ, ಚಿತ್ರ ನಕ್ಷೆ ಎಲ್ಲ ಕತ್ತರಿಸಿ ಫ್ರೇಮ್ ಹಾಕಿ ಮಾರಿ, ಒಂದೊಂದಕ್ಕೂ ದುಡ್ಡು ಬರ್ತದೆ” ಅಂದರು. ನನಗೆ ಮನಸ್ಸಾಗ್ಲಿಲ್ಲ. ಮಳೆಗಾಲ ಹತ್ತಿರ ಬಂತು. ಇದನ್ನು ಉಳಿಸುದು ಹೇಗೆ? ಎರಡನೇ ಸಂಪುಟ ಹುಡುಕಬೇಕಾ? ನಮ್ಮ ಊರಿನಲ್ಲಿ ಧ್ರುವಯಾನದ ಪುಸ್ತಕ ಸಂಗ್ರಹ ಮಾಡುವವರು ಯಾರಾದ್ರೂ ಇದ್ದಾರಾ?

ರೇಟ್_ಎಷ್ಟು
ಕತ್ತರಿಸಿ ಮಾರುದೇ ಸರಿ. ಜನ ಈಗ ಗೋಡೆಗೆ ಹಾಕ್ಲಿಕ್ಕೆ ಹಳೇ ನಕ್ಷೆಗೆ ಒಳ್ಳೆ ದುಡ್ಡು ಕೊಡ್ತಾರೆ.

ಬಲ್ಮಠ_ಬೈಂಡರ್
ದಯವಿಟ್ಟು ಕತ್ತರಿ ಮುಟ್ಟಬೇಡಿ ಮಾರಾಯ್ರೆ. ನೂರು ವರ್ಷ ದಾಟಿದ ಪುಸ್ತಕ ಅದು. ಈ ವ್ಯಾಪಾರದವರು ಪ್ರತಿ ಊರಿನಲ್ಲಿಯೂ ಇದನ್ನೇ ಹೇಳ್ತಾರೆ. ಹಾಗಾಗಿಯೇ ಪೂರ್ತಿ ಪ್ರತಿ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಾ ಬರುದು.

ಗುಜರಿ_ಪ್ರಿಯ
ಬೈಂಡರ್ ಅಣ್ಣ ಹೇಳಿದ್ದಕ್ಕೆ ನೂರಕ್ಕೆ ನೂರು. ಓದುಗರೇ, ಮೊದಲು ಒಂದು ಕೆಲಸ ಮಾಡಿ. ರಟ್ಟಿನ ಒಳಗೆ ಹೆಸರು, ಪ್ರಕಾಶಕರು ಅಂತ ಅಚ್ಚಾದ ಮುಖಪುಟ ಇರ್ತದಲ್ಲ, ಅದರ ಎರಡೂ ಬದಿ ನೋಡಿ. ಈ ಪುಸ್ತಕ 1913ರಲ್ಲಿಯೇ ಮತ್ತೆ ಮತ್ತೆ ಅಚ್ಚಾಗಿದೆ. ಆದ್ದರಿಂದ 1913 ಅಂತ ಇದ್ದ ಮಾತ್ರಕ್ಕೆ ಮೊದಲ ಮುದ್ರಣ ಆಗುದಿಲ್ಲ. ಎರಡನೇ, ಮೂರನೇ ಮುದ್ರಣ ಅಂತ ಎಲ್ಲಿಯಾದ್ರೂ ಬರೆದಿದೆಯಾ ನೋಡಿ. ಆಮೇಲೆ ಮುಂದೆ ಚಿತ್ರಗಳ ಪಟ್ಟಿ ಇರ್ತದೆ, ಅದನ್ನು ಹಿಡ್ಕೊಂಡು ಒಂದೊಂದೇ ಚಿತ್ರ, ಒಂದೊಂದೇ ಮಡಿಚುವ ನಕ್ಷೆ ಲೆಕ್ಕ ಹಾಕಿ. “ಎಲ್ಲ ಇದ್ದ ಹಾಗೆ ಕಾಣ್ತದೆ” ಸಾಲುದಿಲ್ಲ.

ಮಲ್ಪೆ_ಹುಡುಗ
ದಕ್ಷಿಣ ಧ್ರುವಕ್ಕೆ ಮೊದಲು ಹೋದದ್ದು ಸ್ಕಾಟ್ ಅಲ್ವಾ? ಅಂದ್ರೆ ಈ ಪುಸ್ತಕಕ್ಕೆ ತುಂಬಾ ರೇಟ್ ಇರ್ಬೇಕಲ್ಲ?

ಮಣಿಪಾಲ_ಸ್ಟೂಡೆಂಟ್
ಅಲ್ಲ. ನಾರ್ವೆಯ ಅಮುಂಡ್ಸೆನ್, 1911 ಡಿಸೆಂಬರ್ 14. ಸ್ಕಾಟ್ ತಲುಪಿದ್ದು 1912 ಜನವರಿ 17ಕ್ಕೆ, ಹೋಗಿ ನೋಡಿದ್ರೆ ನಾರ್ವೆಯವರ ಗುಡಾರ ಅಲ್ಲಿತ್ತು. ವಾಪಸ್ ಬರುವಾಗ ಐದೂ ಜನ ತೀರಿಕೊಂಡರು.

ಕಡಿಯಾಳಿ_ಮಾಸ್ತರ್
ಓದುಗರೇ, ಎರಡನೇ ಸಂಪುಟ ಖಂಡಿತ ಹುಡುಕಿ. ಎಂತಕ್ಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ, ತಾಳ್ಮೆಯಿಂದ ಓದಿ.

ನಿಮ್ಮ ಕೈಯಲ್ಲಿರುವ ಮೊದಲ ಸಂಪುಟ ಸ್ಕಾಟರ ದಿನಚರಿ. ಎರಡನೆಯದರಲ್ಲಿ ಇರುವುದು ತಂಡದ ಉಳಿದವರ ಪ್ರಯಾಣಗಳ ವರದಿ ಮತ್ತು ವಿಜ್ಞಾನದ ಕೆಲಸ. ಸ್ಕಾಟರ ಗುಡಾರ ಹುಡುಕಲು ಹೋದವರ ಕಥೆ ಬರುವುದೂ ಅದರಲ್ಲೇ. ಆ ಕಥೆಯಲ್ಲಿ ನಮ್ಮ ದೇಶದ ಪಾಲು ಉಂಟು. 1912ರ ಆರಂಭದಲ್ಲಿ ಸ್ಕಾಟರ ತಂಡದ ‘ಟೆರ್ರಾ ನೋವಾ’ ಹಡಗು ಎರಡನೇ ಸಲ ಅಂಟಾರ್ಕ್ಟಿಕಾಕ್ಕೆ ಹೋದಾಗ ಅದರಲ್ಲಿ ಭಾರತದಿಂದ ಕಳಿಸಿದ ಏಳು ಹೇಸರಗತ್ತೆಗಳಿದ್ದವು. ಶಿಮ್ಲಾದಲ್ಲಿ ತರಬೇತಿ ಆದವು. ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ, ಖಾನ್ ಸಾಹೇಬ್. ಮಂಜಿನ ಬಿಳುಪು ಕಣ್ಣಿಗೆ ಹೊಡೆಯದ ಹಾಗೆ ಅವಕ್ಕೂ ಕನ್ನಡಕ ಕಳಿಸಿದ್ದರು. 1912ರ ನವೆಂಬರ್ 12ಕ್ಕೆ ಸ್ಕಾಟ್, ವಿಲ್ಸನ್, ಬೋವರ್ಸ್ ಮೂವರ ದೇಹ ಇದ್ದ ಗುಡಾರ ಸಿಕ್ಕಿತಲ್ಲ, ಆ ತಂಡದ ಜಾರುಬಂಡಿ ಎಳೆದದ್ದು ನಾಯಿಗಳು ಮತ್ತು ಈ ಹೇಸರಗತ್ತೆಗಳು.

ಬೋವರ್ಸ್ ಸ್ವತಃ ರಾಯಲ್ ಇಂಡಿಯನ್ ಮರೀನ್‌ನ ಅಧಿಕಾರಿ. “ನಾನು ಹೊರಗೆ ಹೋಗಿ ಬರುತ್ತೇನೆ” ಅಂತ ಗುಡಾರದಿಂದ ಎದ್ದು ಹಿಮದ ಬಿರುಗಾಳಿಗೆ ನಡೆದ ಓಟ್ಸ್, ಧ್ರುವಕ್ಕೆ ಹೋದ ಐವರಲ್ಲಿ ಇನ್ನೊಬ್ಬರು, ಹಿಂದೆ ಮಧ್ಯಪ್ರದೇಶದ ಮಹೂ ದಂಡಿನಲ್ಲಿ ಇದ್ದವರು. ಹೇಸರಗತ್ತೆ ತರಿಸಿ ಅಂತ ಸಲಹೆ ಕೊಟ್ಟದ್ದೂ ಅವರೇ.

ನಾನು ಹೇಳುವುದು ಇಷ್ಟೇ. ಲಂಡನ್ ಹರಾಜಿನ ರೇಟಿನ ಹಿಂದೆ ಓಡಿದರೆ ನಮ್ಮಂಥವರ ಕೈಗೆ ಒಂದೂ ಸಿಗುವುದಿಲ್ಲ. ಭಾರತಕ್ಕೂ ಧ್ರುವಗಳಿಗೂ ಇರುವ ನಂಟಿನ ಕಾಗದ ಪತ್ರ ಇವತ್ತಿಗೂ ಹಳೇ ಮನೆಗಳ ಅಟ್ಟದಲ್ಲಿ, ಗುಜರಿಯಲ್ಲಿ ಸಿಗುತ್ತದೆ. ಅದನ್ನು ಯಾರೂ ಒಟ್ಟುಮಾಡುತ್ತಿಲ್ಲ. ನಮ್ಮ ಕರಾವಳಿಯ ಮಳೆ ಅದಕ್ಕೆ ಹೆಚ್ಚು ಟೈಮ್ ಕೊಡುವುದೂ ಇಲ್ಲ. ನಿಮ್ಮ ಎರಡು ವಸ್ತುಗಳಲ್ಲಿ ಬಿಸ್ಕತ್ತು ಡಬ್ಬಿಯೇ ಹೆಚ್ಚು ಮುಖ್ಯದ್ದು ಅಂತ ನನ್ನ ಅಭಿಪ್ರಾಯ.

ರೇಟ್_ಎಷ್ಟು
ಮಾಸ್ತರೇ, ಅಂಚೆ ಲಕೋಟೆ ಸ್ಕಾಟರ ಪುಸ್ತಕಕ್ಕಿಂತ ಹೆಚ್ಚಾ? ಒಪ್ಪುದಿಲ್ಲ.

ಅಂಚೆ_ಅಕ್ಕ
ಮಾಸ್ತರ್ ಹೇಳುದು ಸರಿ. ನಾನು ಉಡುಪಿಯವಳು, ಅಂಚೆಚೀಟಿ ಬಿಟ್ರೆ ಬೇರೆ ಹುಚ್ಚಿಲ್ಲ.

ಭಾರತದ ಮೊದಲ ಅಂಟಾರ್ಕ್ಟಿಕ್ ಯಾತ್ರೆ ಗೋವಾದಿಂದ ಹೊರಟದ್ದು 1981ರ ಡಿಸೆಂಬರ್‌ನಲ್ಲಿ, ಡಾ. ಎಸ್.ಝಡ್. ಖಾಸಿಂ ನಾಯಕರು, ಹಡಗು ‘ಪೋಲಾರ್ ಸರ್ಕಲ್’. 1982 ಜನವರಿ 9ಕ್ಕೆ ಅಲ್ಲಿ ಕಾಲಿಟ್ಟರು. ದಕ್ಷಿಣ ಗಂಗೋತ್ರಿ ನೆಲೆ ಕಟ್ಟಿದ್ದು 1983-84ರ ಮೂರನೇ ಯಾತ್ರೆಯಲ್ಲಿ. 1984ರಲ್ಲಿ ಅಲ್ಲಿ ಅಂಚೆ ಕಚೇರಿ ಆಯ್ತು, ಗೋವಾ ಅಂಚೆ ವಿಭಾಗದ ಕೆಳಗೆ. ಆಮೇಲೆ ನೆಲೆಯೇ ಮಂಜಿನಲ್ಲಿ ಹೂತು ಹೋಯ್ತು. 1990ರ ಗಣರಾಜ್ಯೋತ್ಸವದ ದಿನ ಮೈತ್ರಿ ಅನ್ನುವ ನಮ್ಮ ಇನ್ನೊಂದು ನೆಲೆಯಲ್ಲಿ ಹೊಸ ಕಚೇರಿ ತೆರೆದರು. ಹಾಗಾಗಿ ‘ದಕ್ಷಿಣ ಗಂಗೋತ್ರಿ’ ಮೊಹರಿನ ಆಯುಷ್ಯವೇ ಕೆಲವು ವರ್ಷದ್ದು. 2024 ಏಪ್ರಿಲ್‌ನಲ್ಲಿ ಭಾರತಿ ನೆಲೆಯಲ್ಲಿಯೂ ಅಂಚೆ ಕಚೇರಿ ಬಂತು, ಆ ಮೊಹರು ಈಗ ಸಂಗ್ರಹಕಾರರು ಹುಡುಕ್ತಾ ಇದ್ದಾರೆ.

ಒಂದು ವಿಷಯ ಗಮನಿಸಿ. ಎಲ್ಲ ಲಕೋಟೆಯೂ ಒಂದೇ ಅಲ್ಲ. ಸಂಗ್ರಹಕಾರರೇ ಕಳಿಸಿ ಮೊಹರು ಹಾಕಿಸಿಕೊಂಡು ತರಿಸಿದವು ಬೇಕಾದಷ್ಟು ಸಿಗ್ತವೆ. ಅಲ್ಲಿದ್ದವರು ಮನೆಗೆ ನಿಜವಾಗಿ ಬರೆದ ಕಾಗದ, ಒಳಗೆ ಪತ್ರವೂ ಇದ್ದರೆ, ಅದು ಅಪರೂಪ. ಓದುಗರೇ, ನಿಮ್ಮದರಲ್ಲಿ ಒಳಗೆ ಪತ್ರ ಉಂಟಾ?

ಬಿಜೈ_ಓದುಗ
ಎರಡರಲ್ಲಿ ಉಂಟು ಅಕ್ಕ! ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದಾರೆ. ಊರಿನ ಮೀನು ನೆನಪಾಗ್ತದೆ, ಅಮ್ಮನ ಕಾಲುನೋವು ಹೇಗುಂಟು, ಅಂತೆಲ್ಲ ಇದೆ. ಸಹಿ ಸರಿ ಓದ್ಲಿಕ್ಕೆ ಆಗುದಿಲ್ಲ.

ಅಂಚೆ_ಅಕ್ಕ
ಅಯ್ಯೋ ದೇವರೇ. ಅದನ್ನು ಯಾರಿಗೂ ಕೊಡ್ಬೇಡಿ ಈಗ. ಆ ಮನೆಯವರನ್ನು ಮೊದಲು ಕೇಳಿ. ಗುಜರಿಗೆ ಹಾಕುವಾಗ ಡಬ್ಬಿಯೊಳಗೆ ಎಂತ ಉಂಟು ಅಂತ ಅವರಿಗೆ ಗೊತ್ತಿರ್ಲಿಕ್ಕಿಲ್ಲ. ಪತ್ರದ ಫೋಟೋ ಇಲ್ಲಿ ಹಾಕ್ಬೇಡಿ, ಅದು ಮನೆಯವರ ವಿಷಯ.

ಮಲ್ಪೆ_ಹುಡುಗ
ಅಂಟಾರ್ಕ್ಟಿಕಾದಲ್ಲಿ ಕೂತು ಬಂಗುಡೆ ನೆನಪು ಮಾಡ್ಕೊಂಡವರು ಯಾರೋ ನಮ್ಮೂರಿನವರು. ಓದಿ ಕಣ್ಣು ತುಂಬಿ ಬಂತು.

ತೋಟದ_ಮನೆ
ಹುಳಕ್ಕೆ ಒಂದು ಸುಲಭ ಉಪಾಯ. ಮೈದಾ ಅಂಟಿಗೆ ಚೂರು ಮೈಲುತುತ್ತು ಹಾಕಿ ಬೆನ್ನಿಗೆ ಹಚ್ಚಿ, ಒರಲೆ ಹತ್ತಿರ ಬರುದಿಲ್ಲ. ನಮ್ಮಲ್ಲಿ ಹಳೇ ಲೆಕ್ಕದ ಪುಸ್ತಕಕ್ಕೆಲ್ಲ ಹಾಗೆಯೇ ಮಾಡಿಸುದು.

ಬಲ್ಮಠ_ಬೈಂಡರ್
ಬೇಡ ಬೇಡ. ಹಳೇ ಬೈಂಡರುಗಳು ಮಾಡ್ತಿದ್ದದ್ದು ಹೌದು. ಹುಳ ಬರುದಿಲ್ಲ, ಆದ್ರೆ ತಾಮ್ರದ ಉಪ್ಪು ಕಾಲಕ್ರಮೇಣ ಕಾಗದವನ್ನೇ ಸುಟ್ಟ ಹಾಗೆ ಮಾಡ್ತದೆ. ಮೈಲುತುತ್ತು ಅಡಿಕೆ ಕೊಳೆರೋಗಕ್ಕೆ ಇರ್ಲಿ.

ಇದು ಬರೆದಿಟ್ಟುಕೊಳ್ಳಿ ಓದುಗರೇ. ಬೆನ್ನು ಬಿಚ್ಚಿ ಹೊಸ ಬೈಂಡಿಂಗ್ ಮಾಡಿಸ್ಬೇಡಿ. ಪ್ರಕಾಶಕರ ಮೂಲ ಬಟ್ಟೆ ರಟ್ಟು ಹೋದ್ರೆ ಪುಸ್ತಕದ ಅರ್ಧ ಜೀವ ಹೋಯ್ತು. ಸೆಲೋಟೇಪು, ಫೆವಿಕಾಲು, ಲ್ಯಾಮಿನೇಶನ್ ಯಾವುದೂ ಬೇಡ. ಕಂದು ಚುಕ್ಕೆ ಹಾಗೆಯೇ ಇರ್ಲಿ, ಬ್ಲೀಚ್ ಹಾಕಿ ಬಿಳಿ ಮಾಡುವ ಆಸೆ ಬೇಡ. ಹರಿದ ಹಾಳೆಗೆ ಗೋಧಿ ಗಂಜಿಯ ಅಂಟು, ತೆಳು ಜಪಾನಿ ಕಾಗದ. ಬೇಕಾದ್ರೆ ಮುಂದೆ ಬಿಚ್ಚಿ ತೆಗಿಲಿಕ್ಕೂ ಆಗ್ಬೇಕು, ಅದೇ ಸರಿಯಾದ ರಿಪೇರಿ. ಪುಸ್ತಕದ ಅಳತೆಗೆ ಒಂದು ಗಟ್ಟಿ ರಟ್ಟಿನ ಪೆಟ್ಟಿಗೆ ಮಾಡಿಸಿ, ಅದರೊಳಗೆ ಮಲಗಿಸಿಡಿ.

ಗುಜರಿ_ಪ್ರಿಯ
ನ್ಯಾಫ್ತಲಿನ್ ಗುಳಿಗೆ?

ಬಲ್ಮಠ_ಬೈಂಡರ್
ಅದೂ ಬೇಡ. ವಾಸನೆ ಕಾಗದಕ್ಕೆ ಹಿಡಿದ್ರೆ ಬಿಡುದಿಲ್ಲ, ಮುಚ್ಚಿದ ಕಪಾಟಿನ ಗಾಳಿ ನಮಗೂ ಒಳ್ಳೆದಲ್ಲ. ಓಲೆಗರಿ ಕಟ್ಟಿಗೆ ಹಿರಿಯರು ಬಜೆ ಬೇರು ಇಡ್ತಿದ್ದರು, ಅದನ್ನು ಸಣ್ಣ ಬಟ್ಟೆ ಗಂಟು ಕಟ್ಟಿ ಕಪಾಟಿನ ಮೂಲೆಗೆ ಇಡಬಹುದು, ಪುಸ್ತಕಕ್ಕೆ ತಾಗದ ಹಾಗೆ.

ಮಲ್ಪೆ_ಹುಡುಗ
ಹುಳ ಸಾಯಿಸ್ಲಿಕ್ಕೆ ಫ್ರೀಜರಿನಲ್ಲಿ ಇಡ್ತಾರೆ ಅಂತ ಎಲ್ಲೋ ಓದಿದೆ, ನಿಜವಾ? ನಮ್ಮ ಫಿಶ್ ಪ್ಲಾಂಟಿನಲ್ಲಿ ಮೈನಸ್ 20 ಬರ್ತದೆ.

ಮಣಿಪಾಲ_ಸ್ಟೂಡೆಂಟ್
ನಿಜ, ಮ್ಯೂಸಿಯಂಗಳಲ್ಲಿ ಹಾಗೆಯೇ ಮಾಡ್ತಾರೆ. ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಗಟ್ಟಿ ಸೀಲ್ ಮಾಡಿ, ಮೈನಸ್ 20ರಲ್ಲಿ ಒಂದು ವಾರ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬಾರದು. ಪೂರ್ತಿ ರೂಮಿನ ಬಿಸಿಗೆ ಬರುವವರೆಗೆ ಕಾಯಬೇಕು, ಇಲ್ಲಾಂದ್ರೆ ನಮ್ಮ ಹವೆಯ ತೇವ ಸೀದಾ ಕಾಗದದ ಮೇಲೆ ಇಳಿತದೆ. ಚೀಲ ಇದ್ರೆ ನೀರು ಚೀಲದ ಹೊರಗೇ ಕೂರ್ತದೆ. ಮೀನಿನ ಪ್ಲಾಂಟಾದ್ರೆ ಎರಡು ಚೀಲ ಹಾಕಿ.

ಬೂಷ್ಟಿನ ವಿಷಯ ಬೇರೆ. ಫ್ರೀಜರಿನಲ್ಲಿ ಬೂಷ್ಟು ಸಾಯುದಿಲ್ಲ, ಸುಮ್ಮನೆ ನಿದ್ದೆ ಮಾಡ್ತದೆ ಅಷ್ಟೇ. ಅದಕ್ಕೆ ತೇವವೇ ಕಡಿಮೆ ಆಗ್ಬೇಕು. ಗಾಳಿಯ ತೇವ ಶೇ 65 ದಾಟಿದ್ರೆ ಬೂಷ್ಟು ಏಳ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಂಗಳೂರಿನಲ್ಲಿ ಅದು 90ರ ಹತ್ತಿರ ಹೋಗ್ತದೆ. ಒಂದು ಸಣ್ಣ ತೇವ ಮಾಪಕ ತಗೊಳ್ಳಿ, ಆನ್‌ಲೈನಿನಲ್ಲಿ ಕಡಿಮೆಗೆ ಸಿಗ್ತದೆ.

ತೋಟದ_ಮನೆ
ನಮ್ಮ ಅಜ್ಜ ಹಾರ್ಮೋನಿಯಂ ಇಟ್ಟ ಕಪಾಟಿನೊಳಗೆ ಸಣ್ಣ ಬಲ್ಬ್ ಉರಿಸಿ ಇಡ್ತಿದ್ದರು ಮಳೆಗಾಲ ಪೂರ್ತಿ. ಪುಸ್ತಕಕ್ಕೂ ಆಗ್ತದಾ?

ಬಲ್ಮಠ_ಬೈಂಡರ್
ಬೆಳಕು ರಟ್ಟಿಗೆ ಬಿದ್ರೆ ಬಣ್ಣ ಹೋಗ್ತದೆ. ಓದುಗರ ಪುಸ್ತಕದ ಬೆನ್ನು ಮಾಸಿದ್ದು ಬೆಳಕಿನಿಂದಲೇ. ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾದ ಮೇಲೆ ಬಿಸಿ ಮಾಡಿ ಮತ್ತೆ ಬಳಸಬಹುದು. ಗೋಡೆಗೆ ತಾಗಿಸಿ ಕಪಾಟು ಇಡ್ಬೇಡಿ, ಒಂದು ಗೇಣು ಬಿಡಿ. ಬಿಸಿಲಿದ್ದ ದಿನ ಬಾಗಿಲು ತೆರೆದಿಡಿ.

ರೇಟ್_ಎಷ್ಟು
ಅದೆಲ್ಲ ಇರ್ಲಿ, ನಿಜವಾಗಿ ಬೆಲೆ ಇರುವ ಪುಸ್ತಕ ಯಾವುದು ಹೇಳಿ. ನನಗೆ ಸಿಕ್ಕಿದ್ರೆ ಗೊತ್ತಾಗ್ಬೇಕಲ್ಲ.

ಕಡಿಯಾಳಿ_ಮಾಸ್ತರ್
ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಹೆಸರು ‘ಅರೋರಾ ಆಸ್ಟ್ರಾಲಿಸ್’. ಅಂಟಾರ್ಕ್ಟಿಕಾದಲ್ಲೇ ಬರೆದು, ಅಚ್ಚು ಹಾಕಿ, ಕಟ್ಟಿದ ಮೊದಲ ಪುಸ್ತಕ. 1908ರ ಚಳಿಗಾಲದಲ್ಲಿ, ಕೇಪ್ ರಾಯ್ಡ್ಸ್‌ನಲ್ಲಿ ಇನ್ನೊಬ್ಬ ಬ್ರಿಟಿಷ್ ಧ್ರುವಯಾತ್ರಿಕ ಶ್ಯಾಕಲ್ಟನ್ ಅವರ ತಂಡ ಮಾಡಿದ್ದು. ಜಾಯ್ಸ್ ಮತ್ತು ವೈಲ್ಡ್ ಅಚ್ಚು ಹಾಕಿದರು, ಮಾರ್ಸ್ಟನ್ ಚಿತ್ರ ಬರೆದರು. ಶಾಯಿ ಗಟ್ಟಿಯಾಗದ ಹಾಗೆ ಮೇಣದಬತ್ತಿ ಹಚ್ಚಿಟ್ಟು ಬಿಸಿ ಮಾಡುತ್ತಿದ್ದರು. ರಟ್ಟಿಗೆ ಬೇರೆ ಏನೂ ಇರಲಿಲ್ಲ, ಬರ್ನಾರ್ಡ್ ಡೇ ಆಹಾರ ಸಾಮಾನಿನ ಪೆಟ್ಟಿಗೆಯ ಹಲಗೆಗಳನ್ನೇ ಕತ್ತರಿಸಿ ಹೊದಿಸಿದ. ಅದಕ್ಕೇ ಹಲಗೆಯ ಒಳಬದಿಯಲ್ಲಿ ‘ಬೆಣ್ಣೆ’, ‘ಬೀನ್ಸ್’ ಅಂತ ಪೆಟ್ಟಿಗೆಯ ಅಕ್ಷರ ಉಳಿದಿದೆ. ಸಂಗ್ರಹಕಾರರು ಪ್ರತಿಗಳನ್ನು ಆ ಹೆಸರಿನಿಂದಲೇ ಗುರುತಿಸುತ್ತಾರೆ. ಮಾಡಿದ್ದು ಹೆಚ್ಚೆಂದರೆ ನೂರು ಪ್ರತಿ. ಹರಾಜಿಗೆ ಬಂದರೆ ಲಕ್ಷಗಟ್ಟಲೆ ರೂಪಾಯಿಯ ಮಾತು.

ಆಮೇಲೆ ಸ್ಕಾಟರ ತಂಡದಲ್ಲೇ ಇದ್ದ ಚೆರ್ರಿ-ಗ್ಯಾರಾರ್ಡರ ‘ದ ವರ್ಸ್ಟ್ ಜರ್ನಿ ಇನ್ ದ ವರ್ಲ್ಡ್’, 1922, ಎರಡು ಸಂಪುಟ. ಪೆಂಗ್ವಿನ್ ಮೊಟ್ಟೆಗಾಗಿ ಚಳಿಗಾಲದ ಕತ್ತಲಲ್ಲಿ ಕೇಪ್ ಕ್ರೋಜಿಯರ್‌ಗೆ ಹೋದ ಮೂವರ ಕಥೆ. ಮೂರೇ ಮೊಟ್ಟೆ ಲಂಡನ್ ತಲುಪಿದವು. ಆ ಹೇಸರಗತ್ತೆಗಳ ಹೆಸರು, ಒಂದೊಂದರ ಸ್ವಭಾವ ಬರೆದವರೂ ಚೆರ್ರಿಯೇ. ಅಮುಂಡ್ಸೆನ್ (1912), ಮಾಸನ್ (1915), ನಾನ್ಸೆನ್ (1897) ಈ ಧ್ರುವಯಾತ್ರಿಕರು ಬರೆದ ಪುಸ್ತಕಗಳೆಲ್ಲವೂ ಇಂಗ್ಲಿಷಿನಲ್ಲಿ ಎರಡೆರಡು ಸಂಪುಟದಲ್ಲಿ ಬಂದವು. ಹಾಗಾಗಿ ಒಂಟಿ ಸಂಪುಟ ಸಿಗುವುದು ಸಾಮಾನ್ಯ, ಜೋಡಿ ಮಾಡುವುದು ಕಷ್ಟ.

ಶ್ಯಾಕಲ್ಟನ್‌ರ ‘ಸೌತ್’ 1919ರದ್ದು ಸಿಕ್ಕರೆ ಕಾಗದ ನೋಡಿ ಹೆದರಬೇಡಿ. ಯುದ್ಧ ಮುಗಿದ ಹೊತ್ತಿನ ಕಳಪೆ ಕಾಗದ ಅದು, ಹೆಚ್ಚುಕಡಿಮೆ ಎಲ್ಲ ಪ್ರತಿಗಳೂ ಕಂದಾಗಿವೆ.

ಗುಜರಿ_ಪ್ರಿಯ
ದುಡ್ಡು ಕಡಿಮೆ ಇದ್ದವರಿಗೆ ಇನ್ನೊಂದು ದಾರಿ ಉಂಟು. ಪ್ಲೇಯರ್ಸ್ ಸಿಗರೇಟು ಕಂಪೆನಿ 1915 ಮತ್ತು 1916ರಲ್ಲಿ ‘ಪೋಲಾರ್ ಎಕ್ಸ್‌ಪ್ಲೊರೇಶನ್’ ಅಂತ ಎರಡು ಸರಣಿ ಚಿತ್ರಕಾರ್ಡು ತಂದಿತ್ತು, ಒಂದೊಂದರಲ್ಲಿ 25. ಅವು ಇವತ್ತಿಗೂ ಕೈಗೆಟಕುವ ಬೆಲೆಗೆ ಸಿಗ್ತವೆ. ನನ್ನ ಹತ್ತಿರ ಮೊದಲ ಸರಣಿ ಪೂರ್ತಿ ಆಗ್ಲಿಕ್ಕೆ ಸ್ವಲ್ಪವೇ ಬಾಕಿ.

ತೋಟದ_ಮನೆ
ನನ್ನ ಭಾವನ ಮನೆಯಲ್ಲಿ ಶ್ಯಾಕಲ್ಟನ್ ಕೊಟ್ಟ ಪೇಪರ್ ಜಾಹೀರಾತು ಫ್ರೇಮ್ ಹಾಕಿ ಇಟ್ಟಿದ್ದಾರೆ. “ಅಪಾಯದ ಪ್ರಯಾಣಕ್ಕೆ ಗಂಡಸರು ಬೇಕು, ಸಂಬಳ ಕಡಿಮೆ, ಕಡು ಚಳಿ” ಅಂತ. ಒರಿಜಿನಲ್ ಅಂತ ಹೇಳಿ ಯಾರೋ ಮಾರಿದ್ದು.

ಮಣಿಪಾಲ_ಸ್ಟೂಡೆಂಟ್
ಒರಿಜಿನಲ್ ಆಗ್ಲಿಕ್ಕೆ ಸಾಧ್ಯ ಇಲ್ಲ. ಆ ಜಾಹೀರಾತು ಯಾವ ಪತ್ರಿಕೆಯಲ್ಲಿ ಬಂತು ಅಂತ ಸಂಶೋಧಕರು ವರ್ಷಗಟ್ಟಲೆ ಹುಡುಕಿದ್ದಾರೆ, ಬಹುಮಾನ ಕೂಡ ಇಟ್ಟಿದ್ದಾರೆ, ಯಾರಿಗೂ ಸಿಕ್ಕಿಲ್ಲ. ಶ್ಯಾಕಲ್ಟನ್ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಪುಸ್ತಕಗಳಲ್ಲಿ ಕಾಣಿಸಿಕೊಂಡದ್ದು. ಗೋಡೆಯಲ್ಲಿ ಚಂದ ಕಾಣ್ತದೆ, ಇಟ್ಟುಕೊಳ್ಳಲಿ. ಆದ್ರೆ ಅದಕ್ಕೆ ಹಳೇ ವಸ್ತು ಅಂತ ದುಡ್ಡು ಕೊಡುವವರನ್ನು ತಡೆಯಬೇಕು.

ತೋಟದ_ಮನೆ
ಭಾವನಿಗೆ ಹೇಳ್ಬೇಕಾ ಬೇಡ್ವಾ ಅಂತ ಆಲೋಚನೆ ಬಂತು ಈಗ.

ಅಂಚೆ_ಅಕ್ಕ
ಹೇಳಿ ಅಣ್ಣ, ಇನ್ನೊಂದು ತಗೊಳ್ಳುವ ಮೊದಲು.

ರೇಟ್_ಎಷ್ಟು
ಓದುಗರೇ, ಹಾಗಾದ್ರೆ ಸೀದಾ ಲಂಡನ್ ಹರಾಜಿಗೆ ಕೊರಿಯರ್ ಮಾಡಿ. ಇಲ್ಲಿ ಯಾರು ಕೊಡ್ತಾರೆ ರೇಟು?

ಕಡಿಯಾಳಿ_ಮಾಸ್ತರ್
ನಿಲ್ಲಿ. 1972ರ ಪ್ರಾಚ್ಯವಸ್ತು ಕಾಯ್ದೆ ಗೊತ್ತಿರಲಿ. ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಹಸ್ತಪ್ರತಿ, ದಾಖಲೆಗಳಿಗಾದರೆ 75 ವರ್ಷ. ಅಚ್ಚಾದ ಪುಸ್ತಕ ಅದರ ಕೆಳಗೆ ಬರುತ್ತದೋ ಇಲ್ಲವೋ ಅಂತ ಕೊರಿಯರಿನವರು ಹೇಳುವುದಲ್ಲ, ಪುರಾತತ್ವ ಇಲಾಖೆಯನ್ನು ಕೇಳಬೇಕು.

ಇನ್ನೊಂದು, ಆ ಕ್ಲಬ್ಬಿನ ಸೀಲು. ಲೈಬ್ರರಿಯಿಂದ ತೆಗೆದುಹಾಕಿದ್ದು ಅಂತ ಇನ್ನೊಂದು ಮೊಹರೋ ಬರಹವೋ ಇದೆಯಾ ನೋಡಿ. ಕ್ಲಬ್ಬು ಈಗಲೂ ಇದ್ದರೆ ಒಂದು ಮಾತು ಕೇಳುವುದು ಒಳ್ಳೆಯದು. ಎಲ್ಲಿಂದ ಬಂತು ಅನ್ನುವುದು ಸ್ಪಷ್ಟ ಇಲ್ಲದ ಪುಸ್ತಕವನ್ನು ಒಳ್ಳೆ ಸಂಗ್ರಹಕಾರ ಮುಟ್ಟುವುದಿಲ್ಲ. ಸೀಲನ್ನು ಉಜ್ಜಿ ತೆಗೆಯುವ ಪ್ರಯತ್ನ ಮಾತ್ರ ಮಾಡಬೇಡಿ, ಅದೂ ಚರಿತ್ರೆಯೇ. ಆ ಕಾಲದಲ್ಲಿ ಈ ಕರಾವಳಿಯಲ್ಲಿ ಕೂತು ಯಾರು ಅಂಟಾರ್ಕ್ಟಿಕಾದ ಕಥೆ ಓದುತ್ತಿದ್ದರು ಅಂತ ಹೇಳುವ ಸಾಕ್ಷಿ ಅದು.

ಬಿಜೈ_ಓದುಗ
ನಾನು ಮಾರುದಿಲ್ಲ ಅಂತ ತೀರ್ಮಾನ ಮಾಡಿದೆ. ಚಿತ್ರದ ಪಟ್ಟಿ ಹಿಡಿದು ಲೆಕ್ಕ ಹಾಕಿದೆ, ಒಂದು ನಕ್ಷೆ ಇಲ್ಲ. ಬುಡದಲ್ಲಿ ಬ್ಲೇಡಿನಿಂದ ಕತ್ತರಿಸಿದ ಗೆರೆ ನೆಟ್ಟಗೆ ಉಂಟು.

ಬಲ್ಮಠ_ಬೈಂಡರ್
ನೋಡಿ, ಯಾರೋ ಆಗಲೇ ಕತ್ತರಿ ಹಾಕಿದ್ದಾರೆ. ಹೊಟ್ಟೆ ಉರಿತದೆ.

ಬಿಜೈ_ಓದುಗ
ಆ ಮನೆಯವರಿಗೆ ಫೋನ್ ಮಾಡಿದೆ. ಪತ್ರ ಬರೆದವರು ಅವರ ಚಿಕ್ಕಪ್ಪ ಅಂತೆ, ಹಡಗಿನಲ್ಲಿ ಕೆಲಸಕ್ಕೆ ಇದ್ದವರು. ಈಗಿಲ್ಲ. ಪತ್ರ ಎರಡನ್ನೂ ವಾಪಸ್ ಕೊಡ್ತೇನೆ ಅಂದೆ. ಖಾಲಿ ಲಕೋಟೆ ನೀವೇ ಇಟ್ಕೊಳ್ಳಿ ಅಂದರು. ಎರಡನೇ ಸಂಪುಟ ಹೊರದೇಶದಿಂದ ತರಿಸಿದ್ರೆ ಎಷ್ಟು ತೆರಿಗೆ?

ಗುಜರಿ_ಪ್ರಿಯ
2019ರ ಬಜೆಟಿನಲ್ಲಿ ಹೊರಗಿನ ಪುಸ್ತಕಕ್ಕೆ ಶೇ 5 ಸುಂಕ ಹಾಕಿದ್ದರು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಸುಂಕಕ್ಕಿಂತ ಅಂಚೆ ಖರ್ಚೇ ಜಾಸ್ತಿ, ಆ ಪುಸ್ತಕ ಇಟ್ಟಿಗೆಯಷ್ಟು ಭಾರ. ಎರಡನೇ ಸಂಪುಟ ತಗೊಳ್ಳುವಾಗ ಅದೇ ಮುದ್ರಣದ್ದೇ ಕೇಳಿ, ಮುಖಪುಟದ ಫೋಟೋ ಇಲ್ಲದೆ ದುಡ್ಡು ಕಳಿಸ್ಬೇಡಿ. ಅಷ್ಟರವರೆಗೆ ಓದ್ಲಿಕ್ಕೆ ಇಂಟರ್ನೆಟ್ ಆರ್ಕೈವ್ (archive.org) ತಾಣದಲ್ಲಿ ಎರಡೂ ಸಂಪುಟ ಉಚಿತ ಉಂಟು.

ಮಲ್ಪೆ_ಹುಡುಗ
ಮಾಸ್ತರೇ, ಆ ಹೇಸರಗತ್ತೆಗಳ ಭಾಗ ಕನ್ನಡದಲ್ಲಿ ಬರೆದು ಇಲ್ಲಿ ಹಾಕ್ತೀರಾ? ನಮ್ಮ ಅಕ್ಕನ ಮಕ್ಕಳಿಗೆ ಓದಿ ಹೇಳ್ಬೇಕು.

ಕಡಿಯಾಳಿ_ಮಾಸ್ತರ್
ಬರೀತೇನೆ. ಲಾಲ್ ಖಾನ್‌ನಿಂದ ಶುರು ಮಾಡುತ್ತೇನೆ.

ಅಂಚೆ_ಅಕ್ಕ
ಓದುಗರೇ, ಖಾಲಿ ಲಕೋಟೆಗಳ ಫೋಟೋ ಹಾಕುವಾಗ ವಿಳಾಸ ಮುಚ್ಚಿ. ಹಿಂಬದಿಯದ್ದೂ ಹಾಕಿ, ಊರಿಗೆ ಬಂದು ಮುಟ್ಟಿದ ಮೊಹರು ಅಲ್ಲಿ ಇರ್ತದೆ. ಎರಡು ತಾರೀಕು ಸಿಕ್ಕಿದ್ರೆ ಕಾಗದ ಎಷ್ಟು ದಿನ ತಗೊಂಡಿತು ಅಂತ ಗೊತ್ತಾಗ್ತದೆ.